ಸೋಮವಾರ ಮಾತ್ರ ಬೇಯುವ ಬೇಳೆ

ನಮ್ಮ ಮನೆಯಲ್ಲಿ ಎರಡು ನೀರಿದ್ದವು. ಊರ ಕೆರೆಯಿಂದ ಕೊಡಗಳಲ್ಲಿ ಬರುತ್ತಿದ್ದದ್ದು ಸೀನೀರು, ಹಿತ್ತಲ ನಲ್ಲಿಯಲ್ಲಿ ಬರುತ್ತಿದ್ದ ಕೊಳವೆಬಾವಿಯದು ಸವಳುನೀರು. ನವಲಗುಂದದ ಕಡೆ, ನಮ್ಮ ಕಪ್ಪು ನೆಲದಲ್ಲಿ ಎಲ್ಲಿ ಕೊರೆದರೂ ನೀರು ಉಪ್ಪುಪ್ಪಾಗಿಯೇ ಬರುತ್ತದೆ. ಅದರಲ್ಲಿ ಸಾಬೂನು ನೊರೆಯೇಳುವುದಿಲ್ಲ, ತೊಳೆದ ಕೂದಲು ಕಸಬರಿಗೆಯಂತೆ ನಿಲ್ಲುತ್ತದೆ, ನಲ್ಲಿಯ ಬಾಯಿಗೆ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟುತ್ತದೆ. ಸೀನೀರಿನ ಕೊಡಗಳು ಪಡಸಾಲೆಯ ಮೂಲೆಯಲ್ಲಿ ಕಲ್ಲಿನ ಕಟ್ಟೆಯ ಮೇಲೆ, ಬಾಯಿಗೆ ಬಿಳಿ ಅರಿವೆ ಕಟ್ಟಿಕೊಂಡು, ದೇವರ ಜಗಲಿಯಷ್ಟೇ ಮಡಿಯಲ್ಲಿ ಇರುತ್ತಿದ್ದವು. ಅಲ್ಲಿಗೆ ಕೈ ತೊಳೆಯದೆ ಹೋಗುವಂತಿಲ್ಲ, ಎಂಜಲು ತಂಬಿಗೆ ಅದ್ದುವಂತಿಲ್ಲ. ಸವಳುನೀರಿಗೆ ಯಾವ ಕಟ್ಟಳೆಯೂ ಇರಲಿಲ್ಲ. ಅದು ಎಮ್ಮೆಗೆ, ಅರಿವೆಗೆ, ಅಂಗಳಕ್ಕೆ, ನಮ್ಮ ಮೈಗೆ. ಮನೆಗೆ ಹೊಸದಾಗಿ ಬಂದವರಿಗೆ ಮೊದಲ ದಿನ ಕಲಿಸುತ್ತಿದ್ದ ಪಾಠ ಒಂದೇ: ಕುಡಿಯಲು, ಅಡುಗೆಗೆ ಕಟ್ಟೆಯ ಮೇಲಿನದು, ಉಳಿದದ್ದಕ್ಕೆಲ್ಲ ಹಿತ್ತಲದ್ದು. ಅದಕ್ಕಿಂತ ಹೆಚ್ಚು ಹೇಳುವುದು ಏನೂ ಇಲ್ಲವೆಂದು ನಾವೆಲ್ಲ ತಿಳಿದಿದ್ದೆವು.

ಅಡುಗೆಮನೆ ಮನೆಯ ಕಟ್ಟಕಡೆಗೆ, ಹಗಲಲ್ಲೂ ಮಬ್ಬು. ಗ್ಯಾಸಿನ ಒಲೆ ಬಂದಿತ್ತು, ಆದರೆ ಅದು ಚಹಾಕ್ಕೆ ಮತ್ತು ಅವಸರಕ್ಕೆ. ರೊಟ್ಟಿ, ಬೇಳೆ ಎರಡೂ ಮಣ್ಣಿನ ಒಲೆಯ ಮೇಲೆಯೇ ಆಗಬೇಕು. ಹತ್ತಿಯ ಹೊಲದಿಂದ ಕಿತ್ತು ತಂದ ಕಟಗಿ ಉರಿಯುತ್ತಿದ್ದ ಆ ಒಲೆಗೆ ಎರಡು ಕಣ್ಣು. ಮುಂದಿನ ದೊಡ್ಡ ಕಣ್ಣಿನ ಮೇಲೆ ಅಡುಗೆ. ಹಿಂದಿನ ಸಣ್ಣ ಕಣ್ಣು, ಅಂದರೆ ಕೋಡೊಲೆಯ ಮೇಲೆ, ಒಂದು ತಾಮ್ರದ ಹಂಡೆ. ಮುಂದೆ ಉರಿದು ಉಳಿದ ಬೆಂಕಿ ಹಿಂದಕ್ಕೆ ಹೋಗಿ ಆ ಹಂಡೆಯ ನೀರನ್ನು ಸದಾ ಬಿಸಿಯಾಗಿ ಇಡುತ್ತಿತ್ತು. ಸಂಜೆ ನಲ್ಲಿಗೆ ಪೈಪು ಹಚ್ಚಿ ಹಂಡೆ ತುಂಬಿಸುವ ಕೆಲಸ ಆಯಿಯದು, ಅಂದರೆ ನನ್ನ ಅಪ್ಪನ ತಾಯಿಯದು. ಆಯಿಗೆ ಪ್ರೆಶರ್ ಕುಕ್ಕರ್ ಕಂಡರೆ ಆಗುತ್ತಿರಲಿಲ್ಲ. ನನ್ನ ಅವ್ವ ತವರಿನಿಂದ ತಂದ ಕುಕ್ಕರು ಡಬ್ಬಿಯ ಸಮೇತ ಅಟ್ಟದ ಮೇಲಿತ್ತು.

"ಶೀಟಿ ಹೊಡಿಸಿ ಹೆದರಿಸಿ ಬೇಯಿಸಿದ ಬ್ಯಾಳಿಗೆ ರುಚಿ ಎಲ್ಲಿಂದ ಬರಬೇಕ?" ಎನ್ನುತ್ತಿದ್ದಳು. "ತಾನಾಗೇ ಕರಗಬೇಕ ಅದು."

ಆಯಿಯ ಕೈಯಲ್ಲಿ ಅದು ನಿಜಕ್ಕೂ ತಾನಾಗಿಯೇ ಕರಗುತ್ತಿತ್ತು. ಅವಳು ಬೋಗುಣಿಯ ತುಂಬ ಸೀನೀರು ಸುರಿದು, ಬೇಳೆ ಬಿಟ್ಟು, ಮುಚ್ಚಿ, ಮುಟ್ಟದೆ ಬಿಡುತ್ತಿದ್ದಳು. ಹೆಚ್ಚಾದ ನೀರು ಕಟ್ಟಾಗಿ ಬಸಿದು ಸಾರಿಗೆ ಹೋಗುತ್ತಿತ್ತು. ಅವಳಿಗೆ ವಯಸ್ಸಾಗಿ, ಅವ್ವ ಪಕ್ಕದ ಊರಿನ ಅಂಗನವಾಡಿಗೆ ಬೆಳಗ್ಗೆಯೇ ಹೊರಡತೊಡಗಿದ ಮೇಲೆ, ಒಲೆ ಚಿಗವ್ವನ ಕೈಗೆ ಬಂತು. ಚಿಗವ್ವ ಎಂದರೆ ಕಾಕಾನ ಹೆಂಡತಿ, ಸುವರ್ಣಾ. ಕಲಘಟಗಿಯ ಕಡೆ, ಕಾಡಂಚಿನ ಭತ್ತದ ಸೀಮೆಯ ಹುಡುಗಿ. ಅಲ್ಲಿ ಮನೆಯ ಹಿಂದಿನ ಬಾವಿಗೆ ಕೊಡ ಬಿಟ್ಟರೆ ಮೇಲೆ ಬರುವುದೆಲ್ಲ ಸಿಹಿನೀರೇ. ಬಂದ ವರ್ಷದಲ್ಲೇ ಅವಳು ರೊಟ್ಟಿ ಬಡಿಯುವುದನ್ನು ಕಲಿತಳು, ಎಮ್ಮೆಯನ್ನು ಒಲಿಸಿಕೊಂಡಳು, ನನ್ನ ಜಡೆಯನ್ನು ನಾಲ್ಕು ಎಳೆಯಲ್ಲಿ ಹೆಣೆಯತೊಡಗಿದಳು. ಒಂದು ಮಾತ್ರ ಬರಲಿಲ್ಲ. ಅವಳು ಇಟ್ಟ ಬೇಳೆ ಬೇಯುತ್ತಿರಲಿಲ್ಲ. ಎಷ್ಟು ಹೊತ್ತು ಉರಿ ಹಾಕಿದರೂ ಕಾಳು ಕಾಳಾಗಿ ಉಳಿದು, ಸಾರಿನ ತಳದಲ್ಲಿ ಹಳದಿ ಉಸುಕಿನಂತೆ ಕೂತಿರುತ್ತಿತ್ತು. ಕಾಕಾ "ಹಲ್ಲ ಗಟ್ಟಿ ಆಗ್ತಾವ" ಎಂದು ಉಂಡು ಏಳುತ್ತಿದ್ದ. ಆಯಿ ಮಾತ್ರ ತಾಟಿನ ಅಂಚಿಗೆ ಬೇಳೆಯನ್ನು ಒಂದೊಂದಾಗಿ ಸರಿಸಿ ಇಡುತ್ತಿದ್ದಳು.

"ಸೀನೀರ ಹಾಕಿದ್ದೇನವಾ?"

"ಹಾಕೇನ್ರಿ ಅತ್ತಿ."

"ನಮ್ಮ ಹೊಲದ್ದ ತೊಗರಿ. ನಮ್ಮ ಕೆರಿ ನೀರು. ನಮ್ಮ ಒಲಿ. ಮತ್ತ ಹ್ಯಾಂಗ ಬೇಯೂದಿಲ್ಲ?" ಆಮೇಲೆ ಯಾರನ್ನೂ ನೋಡದೆ ಅನ್ನುತ್ತಿದ್ದಳು: "ಕೈಗುಣ. ಮತ್ತೇನ ಇಲ್ಲ."

ನಮ್ಮ ಮನೆಯಲ್ಲಿ ಕೈಗುಣ ದೊಡ್ಡ ಮಾತು. ಬೀಜ ಬಿತ್ತುವವರಿಗೆ, ಹೆಪ್ಪು ಹಾಕುವವರಿಗೆ, ಮಗುವಿಗೆ ಮೊದಲ ತುತ್ತು ಇಡುವವರಿಗೆ ಕೈಗುಣ ನೋಡುತ್ತಿದ್ದರು. ಒಬ್ಬಳ ಕೈ ಒಳ್ಳೆಯದಲ್ಲ ಎಂದರೆ ಅದಕ್ಕೆ ಕಲಿಕೆಯಿಲ್ಲ, ಮದ್ದಿಲ್ಲ. ಚಿಗವ್ವ ಆ ಮಾತು ಕೇಳಿದಾಗಲೆಲ್ಲ ಒಲೆಯ ಕಡೆ ತಿರುಗಿ ಇಲ್ಲದ ಬೆಂಕಿಯನ್ನು ಊದುತ್ತಿದ್ದಳು.

ಈಗ ನಾನು ಧಾರವಾಡದಲ್ಲಿ ಕುಳಿತು ನೀರಿನ ಕುರಿತು ಸಂಶೋಧನಾ ಪ್ರಬಂಧಗಳನ್ನು ಬರೆಯುತ್ತೇನೆ. ಜೊತೆಯವರು ವಿಷಯ ಹುಡುಕಿ ಗ್ರಂಥಾಲಯದಲ್ಲಿ ಅಲೆಯುವಾಗ ನನಗೆ ಆ ಮಬ್ಬು ಅಡುಗೆಮನೆ ನೆನಪಾಗುತ್ತದೆ. ಏಕೆಂದರೆ ನನ್ನ ಮೊದಲ ಪ್ರಬಂಧ ಸಿಕ್ಕಿದ್ದು ಅಲ್ಲಿ. ಅದಕ್ಕೂ ಮೊದಲು ನಾನು ಬರೆದದ್ದು ಪ್ರಬಂಧವೇ ಆಗಿರಲಿಲ್ಲ. ಮಿಡ್ಲ್ ಸ್ಕೂಲಿನ ಕೊನೆಯ ವರ್ಷ, ಮುಮ್ತಾಜ್ ಟೀಚರ್ ನಮಗೆ ವಿಜ್ಞಾನ ಕಲಿಸುತ್ತಿದ್ದರು. ಪ್ರಬಂಧ ಬರೆದು ತನ್ನಿ ಎಂದಾಗ ನಾನು ಗೈಡಿನಿಂದ ನೀರಿನ ಮಹತ್ವ ಎಂಬ ಪಾಠವನ್ನು ದುಂಡನೆಯ ಅಕ್ಷರದಲ್ಲಿ ಇಳಿಸಿ, ಅಂಚಿಗೆ ಹಸಿರು ಗೆರೆ ಎಳೆದು ಕೊಟ್ಟಿದ್ದೆ. ಟೀಚರ್ ಒಂದು ಪುಟ ಓದಿ, ಕನ್ನಡಕ ತೆಗೆದು, ನನ್ನನ್ನು ಹತ್ತಿರ ಕರೆದರು.

"ಛಂದ ಬರದೀ, ನೀಲಾ. ಇದರಾಗ ಗಂಗಾ ಐತಿ, ಯಮುನಾ ಐತಿ. ನಿಮ್ಮ ಮನಿ ಕೊಡ ಎಲ್ಲೈತಿ?"

"ಕಟ್ಟಿ ಮ್ಯಾಲ ಐತ್ರಿ."

ಇಡೀ ತರಗತಿ ನಕ್ಕಿತು. ಟೀಚರೂ ನಕ್ಕರು. "ಹಂಗಲ್ಲವಾ. ಇದನ್ನ ಬರದಾಕಿ ನೀ ಆಗಿರ್ಲಿಕ್ಕರ ಏನರೆ ಫರಕ್ ಬೀಳ್ತಿತ್ತೇನ? ಹೋಗು, ನಿನಗ ಗೊತ್ತಿರಲಾರದ್ದ ಒಂದ ತಗೊಂಡ ಬಾ. ಗೊತ್ತಿದ್ದದ್ದ ಬ್ಯಾಡ. ನಿನಗ ಖರೇನ ತಿಳೀಬೇಕಂತ ಅನಿಸಿರಬೇಕ, ಅಂಥಾದ್ದ."

ನನಗೆ ಖರೆ ತಿಳಿಯಬೇಕೆಂದು ಅನಿಸಿದ್ದು ಒಂದೇ: ಚಿಗವ್ವನ ಬೇಳೆ ಯಾಕೆ ಬೇಯುವುದಿಲ್ಲ. ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಟೀಚರ್ ನಗಲಿಲ್ಲ. "ದಿನಾ ಬೇಯೂದಿಲ್ಲೇನು, ಒಮ್ಮೊಮ್ಮೆ ಬೇಯತೈತೇನು?" ಎಂದರು. ನನಗೆ ಗೊತ್ತಿರಲಿಲ್ಲ. ಬೇಳೆ ಗಟ್ಟಿಯಾಗಿ ಉಳಿದ ದಿನ ಎಲ್ಲರಿಗೂ ನೆನಪಿರುತ್ತಿತ್ತು, ಮೆತ್ತಗಾದ ದಿನವನ್ನು ಯಾರೂ ನೆನಪಿಡುತ್ತಿರಲಿಲ್ಲ. ಎಲ್ಲವನ್ನೂ ಗುರುತು ಹಾಕಿಡುವ ಚಾಳಿ ನನಗೆ ಮೊದಲಿನಿಂದಲೂ ಇತ್ತು. ಎಮ್ಮೆ ಹಾಲು ಕಡಿಮೆ ಕೊಟ್ಟ ದಿನ, ಕರೆಂಟು ಹೋದ ಹೊತ್ತು, ಕಾಕಾ ಬೈಕು ಕೆಟ್ಟು ನಡೆದು ಬಂದದ್ದು, ಎಲ್ಲ ಪಡಸಾಲೆಯ ಕ್ಯಾಲೆಂಡರಿನಲ್ಲಿ ನನ್ನ ಪೆನ್ಸಿಲಿನಲ್ಲಿ ಇರುತ್ತಿತ್ತು. ಅಂದಿನಿಂದ ಅದೇ ಕ್ಯಾಲೆಂಡರಿನಲ್ಲಿ ಬೇಳೆಗೂ ಜಾಗ ಕೊಟ್ಟೆ. ಬೆಂದರೆ ಚುಕ್ಕೆ, ಬೇಯದಿದ್ದರೆ ಗೀಟು.

ಗೀಟುಗಳೇ ಹೆಚ್ಚು. ಆದರೆ ವಾರ ವಾರ ಕಳೆದಂತೆ ಚುಕ್ಕೆಗಳು ಒಂದರ ಕೆಳಗೊಂದು ಸಾಲಾಗಿ ನಿಲ್ಲತೊಡಗಿದವು. ಎಲ್ಲ ಸೋಮವಾರದ ಮನೆಯಲ್ಲಿ. ನಡುವೆ ಒಂದು ಗುರುವಾರವೂ ಬೆಂದಿತ್ತು. ಒಂದೇ ಒಂದು ಚುಕ್ಕೆ, ಸಾಲು ತಪ್ಪಿದ ಕುರಿಮರಿಯಂತೆ. ಅಷ್ಟು ಚೆಂದದ ಸಾಲನ್ನು ಅದೊಂದಕ್ಕಾಗಿ ಕೆಡಿಸಲು ಮನಸ್ಸಾಗಲಿಲ್ಲ. ಮೊದಲು ಓಡಿದ್ದು ಆಯಿಯ ಬಳಿಗೆ. ಅವಳು ಕ್ಯಾಲೆಂಡರಿನ ಮೇಲೆ ಬೆರಳಾಡಿಸಿ ಚುಕ್ಕೆಗಳನ್ನು ಮುಟ್ಟಿ ನೋಡಿದಳು. ಅವಳ ಮುಖ ಅರಳಿದ್ದನ್ನು ನಾನು ಈಗಲೂ ಕಾಣಬಲ್ಲೆ.

"ಸೋಮಾರ ಶಿವನ ವಾರ, ನೋಡಬೇ. ಅವನ ದಯಾ ಇದ್ದ ದಿನ ಆ ಕೈಯಾಗೂ ಬೇಯತೈತಿ."

ಅದರಲ್ಲಿ ವ್ಯಂಗ್ಯವಿರಲಿಲ್ಲ. ಅವಳಿಗೂ ಸೊಸೆಯನ್ನು ದಿನಾ ಅನ್ನುವುದು ಬೇಸರವಾಗಿತ್ತು. ಅನ್ನದೆ ಇರಲು ಒಂದು ಕಾರಣ ಸಿಕ್ಕಿತ್ತು. ಅಂದಿನಿಂದ ಸೋಮವಾರಗಳಂದು ಆಯಿ ಚಿಗವ್ವನ ಸಾರನ್ನು ಎರಡು ಸಲ ಹಾಕಿಸಿಕೊಳ್ಳುತ್ತಿದ್ದಳು. ಟೀಚರಿಗೆ ತೋರಿಸಿದಾಗ ಅವರು ಸೋಮವಾರದ ಸಾಲನ್ನು ಸುಮ್ಮನೆ ನೋಡಿ, ಗುರುವಾರದ ಮೇಲೆ ಬೆರಳಿಟ್ಟರು.

"ಇದು ಯಾರದ?"

"ಅದು ಹಂಗ ಬಂದೇತ್ರಿ."

"ಹಂಗ ಯಾವುದೂ ಬರೂದಿಲ್ಲ. ಸೋಮವಾರ ನಿಮ್ಮ ಮನ್ಯಾಗ ಏನೇನ ಬ್ಯಾರೆ ಆಗತೈತಿ, ಅದನ್ನ ನೋಡು. ಆಮ್ಯಾಲ ಅದು ಈ ಗುರುವಾರಾನೂ ಆಗಿತ್ತೇನು, ಕೇಳು."

ನಾನು ಕೇಳಲಿಲ್ಲ. ಅಷ್ಟರಲ್ಲಿ ನಾಗರಪಂಚಮಿ ಹತ್ತಿರ ಬಂತು. ಮದುವೆಯಾದ ಮೇಲಿನ ಮೊದಲ ಪಂಚಮಿಗೆ ಹೆಣ್ಣುಮಗಳನ್ನು ತವರಿಗೆ ಕರೆಯಲು ಅಣ್ಣ ಬರಬೇಕು. ಹಬ್ಬಕ್ಕೆ ಮುಂಚೆ ಒಮ್ಮೆ ಬಂದು ಹೇಳಿಹೋಗಿ, ಆಮೇಲೆ ಗಾಡಿ ತಂದು ಕರೆದೊಯ್ಯುವುದು ಅವರ ಮನೆಯ ರೀತಿ. ಚಿಗವ್ವನ ಅಣ್ಣ ಹೇಳಲು ಬರುವ ದಿನ ಸೋಮವಾರವೇ ಆಯಿತು. ಬೀಗರು ಬಂದರೆ ಹೋಳಿಗೆ ಆಗಲೇಬೇಕು, ಹೋಳಿಗೆಗೆ ಕಡಲೆಬೇಳೆ ಬೆಣ್ಣೆಯಂತೆ ಬೇಯಬೇಕು. ಅವ್ವ ರಜೆ ಹಾಕಿ ತಾನೇ ಹೂರಣಕ್ಕೆ ಇಡುತ್ತೇನೆ ಎಂದಳು. ಆಯಿ ಒಪ್ಪಲಿಲ್ಲ.

"ಸುವರ್ಣಾನ ಇಡ್ಲಿ. ಸೋಮಾರ ಐತಿ. ಅಕಿ ಅಣ್ಣನೂ ತಂಗಿ ಕೈಯಿಂದ ಉಣ್ಣಲಿ."

ಚಿಗವ್ವ ಅಂದು ಬೆಳಗಿನಿಂದ ಹಾಡಿಕೊಳ್ಳುತ್ತ ಓಡಾಡಿದಳು. ಅಣ್ಣ ಇಬ್ಬರು ಹಿರಿಯರೊಡನೆ ಬಂದ. ಮಳೆ ಬಿದ್ದು ಎರೆಮಣ್ಣು ಕಾಲಿಗೆ ಮೆತ್ತಿತ್ತು. ಅವರಿಗೆ ಕಾಲು ತೊಳೆಯಲು ಬಿಸಿನೀರು ಬೇಕೆಂದು ಆಯಿ ತನ್ನ ತಲೆಸ್ನಾನ ಮುಗಿದ ಮೇಲೆ ಮತ್ತೊಮ್ಮೆ ಹಂಡೆ ತುಂಬಿಸಿದ್ದಳು. ಚಿಗವ್ವ ಬೇಳೆ ಇಟ್ಟಳು. ಕುದಿಯಿತು, ಕುದಿಯಿತು. ಪಡಸಾಲೆಯಲ್ಲಿ ಮಾತು ಮುಗಿಯುತ್ತ ಬಂದರೂ ಅಡುಗೆಮನೆಯಲ್ಲಿ ಬೇಳೆ ಬೇಯಲಿಲ್ಲ. ರುಬ್ಬುವ ಕಲ್ಲಿಗೆ ಹಾಕಿ ಅವಳೂ ಅವ್ವನೂ ಸರದಿಯಲ್ಲಿ ತಿರುವಿದರು. ಹೂರಣ ನುಚ್ಚಿನಂತಾಯಿತು. ಲಟ್ಟಿಸಿದ ಹೋಳಿಗೆಗಳೆಲ್ಲ ಹರಿದು, ಹೆಂಚಿನ ಮೇಲೆ ಬಾಯಿ ಬಿಟ್ಟವು. ಬೀಗರು ತುಪ್ಪ ಸುರಿದುಕೊಂಡು, ಛಲೋ ಆಗ್ಯಾವ ಎಂದು ಸುಳ್ಳು ಹೇಳಿ, ಅರ್ಧ ತಿಂದು ಬಿಟ್ಟರು. ಅಣ್ಣ ತಲೆ ಎತ್ತಲಿಲ್ಲ.

ಅವರು ಹೊರಡುವಾಗ ಆಯಿ ಬಾಗಿಲ ತನಕ ಬಂದಳು. ಧ್ವನಿ ಏರಿಸಲಿಲ್ಲ.

"ಪಂಚಮಿಗೆ ಕರಕೊಂಡ ಹೋಗ್ರಿ. ಅವಸರ ಮಾಡಬ್ಯಾಡ್ರಿ, ಇರ್ಲಿ ಅಲ್ಲೇ. ಬ್ಯಾಳಿ ಬೇಯಿಸೂದ ಕಲ್ತ ಮ್ಯಾಲ ಕಳಸ್ರಿ."

ಅಣ್ಣ "ಹೂಂನ್ರಿ" ಎಂದ. ಒಳಗೆ ಚಿಗವ್ವನಿಗೆ ಅದು ಕೇಳಿಸಿತ್ತು. ಕಾಕಾ ಎಮ್ಮೆಗೆ ಮೇವು ಹಾಕುವ ನೆಪದಲ್ಲಿ ಹಿತ್ತಲಿಗೆ ಹೋದ. ಮರುದಿನದಿಂದ ಬೇಳೆಯ ಬೋಗುಣಿ ಮತ್ತೆ ಆಯಿಯ ಕೈಗೆ ಹೋಯಿತು. ಚಿಗವ್ವ ನಡುಮನೆಯಲ್ಲಿ ತನ್ನ ಟ್ರಂಕು ತೆರೆದು ಕೂತಿದ್ದಳು. ಐದು ದಿನದ ಹಬ್ಬಕ್ಕೆ ಎರಡು ಸೀರೆ ಸಾಕು. ಅವಳು ಎಲ್ಲ ಸೀರೆಗಳನ್ನೂ ಮಡಚುತ್ತಿದ್ದಳು, ಚಳಿಗಾಲದ ಶಾಲನ್ನು ಕೂಡ. ನನ್ನ ಜಡೆಗೆಂದು ತಂದಿಟ್ಟಿದ್ದ ಕೆಂಪು ರಿಬ್ಬನ್ನನ್ನು ನನ್ನ ಕೈಗೆ ಕೊಟ್ಟು, "ಇನ್ನ ನಿಮ್ಮವ್ವನ ಕಡೆ ಹೆಣಸ್ಕೊ" ಎಂದಳು.

ಆಗ ನನಗೆ ಟೀಚರ್ ಕೇಳಿದ ಪ್ರಶ್ನೆ ನೆನಪಾಯಿತು. ಕ್ಯಾಲೆಂಡರಿನ ಎದುರು ನಿಂತೆ. ಎಲ್ಲ ಸೋಮವಾರ ಬೆಂದ ಬೇಳೆ ಈ ಸೋಮವಾರ ಬೇಯಲಿಲ್ಲ. ಏನು ಬೇರೆ ಇತ್ತು? ಬೀಗರು ಬಂದಿದ್ದರು. ಕಾಲು ತೊಳೆದಿದ್ದರು. ಹಂಡೆ ಎರಡನೆಯ ಸಲ ತುಂಬಿತ್ತು. ಉಳಿದ ಸೋಮವಾರಗಳಲ್ಲಿ? ಆಯಿಯ ತಲೆಸ್ನಾನ, ಅವಳ ಬೆಳ್ಳಗಿನ ಉದ್ದ ಕೂದಲಿಗೆ ಹಂಡೆಯ ನೀರೆಲ್ಲ ಮುಗಿದುಹೋಗುತ್ತಿತ್ತು. ಬೇರೆ ದಿನ ಅವಳಿಗೆ ಎರಡು ತಂಬಿಗೆ ಸಾಕು. ಗುರುವಾರದ ಚುಕ್ಕೆಯ ಕೆಳಗೆ, ನನ್ನದೇ ಪೆನ್ಸಿಲಿನಲ್ಲಿ, ಬೇರೆ ಯಾವುದೋ ಲೆಕ್ಕಕ್ಕೆ ಬರೆದದ್ದು ಇತ್ತು: ಕರೆಂಟು ಇಲ್ಲ. ಹಿಂದಿನ ಸಂಜೆಯಿಂದ ಕರೆಂಟಿಲ್ಲದೆ ಮೋಟರು ಓಡಿರಲಿಲ್ಲ, ನಲ್ಲಿ ಬಂದಿರಲಿಲ್ಲ. ಹಂಡೆ ಬರಿದಾಗಿತ್ತು.

ಓಡಿ ಬಂದು ಟ್ರಂಕಿನ ಎದುರು ಕೂತೆ.

"ಚಿಗವ್ವಾ, ಬ್ಯಾಳಿಗೆ ಯಾವ ನೀರ ಹಾಕ್ತಿದ್ದಿ?"

"ಸೀನೀರು. ನೀನೂ ಶುರು ಮಾಡಿದೇನ?"

"ನಡುವ ನೀರ ಬತ್ತಿದಾಗ?"

"ಬಿಸಿನೀರು. ಕುದಿಯೂ ಬ್ಯಾಳಿಗೆ ತಣ್ಣೀರ ಹಾಕಿದ್ರ ಸೆಟದ ನಿಲ್ಲತೈತಿ. ನಮ್ಮವ್ವ ಕಲಿಸ್ಯಾಳ."

"ಯಾವ ಬಿಸಿನೀರು?"

"ಬಿಸಿನೀರಾಗ ಯಾವುದು ಅಂತ ಇರತೈತೇನ ಬೇ? ಬಿಸಿನೀರು ಅಂದ್ರ ಬಿಸಿನೀರು. ಬಾಜೂಕ ಹಂಡೇದಾಗ ಕುದಿಯಾಕತ್ತಿರತೈತಿ, ಒಂದ ತಂಬಿಗಿ ತಗೀತಿದ್ದೆ. ಖಾಲಿ ಇದ್ರ ಗ್ಯಾಸಿನ ಮ್ಯಾಲ ಒಂಚೂರ ಸೀನೀರ ಕಾಸ್ತಿದ್ದೆ."

ಅವಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ. ಹಂಡೆಯ ನೀರನ್ನು ಆ ಮನೆಯಲ್ಲಿ ಯಾರೂ ಬಾಯಿಗೆ ಹಾಕಿದವರಲ್ಲ. ಚಿಗವ್ವ ಚಮಚದಲ್ಲಿ ತೆಗೆದು, ಊದಿ, ನಾಲಿಗೆಗೆ ತಾಗಿಸಿದಳು. ಮುಖ ಕಿವುಚಿ ಉಗುಳಿದಳು. ಅವಳ ತವರಿನಲ್ಲಿ ಇದ್ದದ್ದು ಬಿಸಿನೀರು ಮತ್ತು ತಣ್ಣೀರು. ನಮ್ಮಲ್ಲಿ ಸೀನೀರು ಮತ್ತು ಸವಳುನೀರು. ನಮ್ಮ ಎರಡನ್ನು ಅವಳಿಗೆ ಹೇಳಿಕೊಟ್ಟಿದ್ದೆವು, ಆದರೆ ಹಂಡೆಯಲ್ಲಿರುವುದು ಯಾವುದೆಂದು ಹೇಳಿರಲಿಲ್ಲ. ಯಾರಾದರೂ ಅದನ್ನು ಬೇಳೆಗೆ ಹಾಕಿಯಾರು ಎಂದು ಕನಸಿನಲ್ಲೂ ಎಣಿಸದವರಿಗೆ ಹೇಳಬೇಕು ಎಂದು ಹೊಳೆಯುವುದಾದರೂ ಹೇಗೆ?

"ಇದನ್ನ ಬರೀತೇನಿ" ಎಂದೆ ನಾನು. "ಆಯಿಗೂ ಹೇಳ್ತೇನಿ. ನಿನ್ನ ಕೈಗುಣ ಅಲ್ಲ ಇದು!"

ಅವಳು ನನ್ನ ರಟ್ಟೆ ಹಿಡಿದಳು. ಗಟ್ಟಿಯಾಗಿ.

"ಬ್ಯಾಡ ನೀಲಾ. ನಿನ್ನ ಕಾಲ ಬೀಳ್ತೇನಿ, ಬರೀಬ್ಯಾಡ."

"ಯಾಕ?"

"ಈಗ ಕೈಗುಣ ಅಂತಾರ. ಅದು ದೇವರ ಕೊಟ್ಟದ್ದು, ನಾ ಏನ ಮಾಡ್ಲಿ? ನೀ ಇದನ್ನ ಬರದ್ರ ಬುದ್ಧಿ ಇಲ್ಲ ಅಂತಾರ. ವರ್ಷ ಆತು, ನೀರ ಯಾವುದು ತಿಳೀಲಿಲ್ಲ ಇಕಿಗೆ ಅಂತಾರ. ಆ ಮಾತು ನನಗಲ್ಲ, ನಮ್ಮವ್ವಗ ಹೋಗತೈತಿ. ನೀ ಶಾಲ್ಯಾಗ ಓದಿದ್ರ ಊರೆಲ್ಲಾ ಹೇಳ್ತೈತಿ."

ಕಾರಣ ಸಿಕ್ಕಿತ್ತು, ಅದನ್ನು ಹೇಳಿದರೂ ಅವಳಿಗೆ ಕಷ್ಟ, ಹೇಳದಿದ್ದರೆ ಅವಳು ಹೋಗಿಯೇ ಬಿಡುತ್ತಾಳೆ. ಬೇಳೆಯನ್ನು ಮುಟ್ಟಗೊಡದವರ ಎದುರು ಸುಮ್ಮನೆ ಬೇಯಿಸಿ ತೋರಿಸಲೂ ಬರುವಂತಿರಲಿಲ್ಲ. ಮರುದಿನ ಊಟದ ಬಿಡುವಿನಲ್ಲಿ ಟೀಚರಿಗೆ ಹೇಳಿದೆ. ಅವರು ತಮ್ಮ ಡಬ್ಬಿ ಮುಚ್ಚಿ ನನ್ನ ಕಡೆ ತಿರುಗಿದರು.

"ನಿಮ್ಮ ಚಿಗವ್ವ ಮಾಡಿದ್ದು ಅವರದು. ಅವರ ಬ್ಯಾಡ ಅಂದ ಮ್ಯಾಲ ಅದನ್ನ ಬರಿಯಾಕ ನಿನಗೇನ ಹಕ್ಕ? ಆದ್ರ ನೀ ಇನ್ನೂ ಏನೂ ಮಾಡಿ ನೋಡಿಲ್ಲಲಾ. ನೋಡಿದ್ದಷ್ಟ. ನೀನ ಬೇಯಿಸು. ನಿನ್ನ ಕೈಲೆ ಕೆಡಸು. ಆಮ್ಯಾಲ ಕೆಟ್ಟದ್ದು ನಿಂದು, ಬರಿಯಾಕ ಯಾರ ಪರವಾನಗಿನೂ ಬೇಕಾಗಿಲ್ಲ."

ರವಿವಾರ ಮನೆಯಲ್ಲಿ ಎಲ್ಲರೂ ಇದ್ದರು. ಶಾಲೆಯ ಕೆಲಸ ಎಂದು ಆಯಿಯನ್ನು ಒಪ್ಪಿಸಿದೆ. ಎರಡು ಬೋಗುಣಿ, ಒಂದೇ ಚೀಲದ ತೊಗರಿಬೇಳೆ, ಎರಡಕ್ಕೂ ಸೀನೀರು. ಬತ್ತಿದಾಗ ಒಂದಕ್ಕೆ ಗ್ಯಾಸಿನ ಮೇಲೆ ಕಾಸಿದ ಸೀನೀರು, ಇನ್ನೊಂದಕ್ಕೆ ಹಂಡೆಯದು. ಒಂದಾದ ಮೇಲೊಂದು ಅದೇ ಒಲೆ, ಅದೇ ಕಟಗಿ. ಮೊದಲನೆಯದು ಮರದ ಹುಟ್ಟು ಆಡಿಸಿದರೆ ಕರಗಿತು. ಎರಡನೆಯದು ಕಲ್ಲು. ಆಯಿ ಹೊಸ್ತಿಲ ಮೇಲೆ ಕೂತು ಎರಡನ್ನೂ ಬೆರಳಲ್ಲಿ ಹಿಸುಕಿ ನೋಡಿದಳು.

"ಒಂದ ಕೈಯಾಗ ಎರಡ ಗುಣ ಇರೂದಿಲ್ಲಲಾ ಆಯಿ" ಎಂದೆ.

"ಇರತೈತಿ. ಇಕಿ ಬಾಜೂಕ ಕುಂತ ಕುಂತ ನಿನ್ನ ಅರ್ಧಾ ಕೈಗೆ ಹತ್ತೇತಿ ಅದು." ಕಾಕಾ ಫಕ್ಕನೆ ನಕ್ಕ. ಆಯಿ ಅವನನ್ನು ಗದರಿದಳು: "ಏನ ಹಲ್ಲ ಕಿಸೀತೀಲೇ?" ಆಮೇಲೆ ಸೆರಗು ಸಿಕ್ಕಿಸಿ ಎದ್ದಳು. "ಸರಿ ಅತ್ಲಾಗ. ನಾ ತೋರಸ್ತೇನಿ. ನನ್ನ ಕೈಯಾಗ ಯಾವ ನೀರ ಹಾಕಿದ್ರೂ ಬೇಯತೈತಿ."

ಯಾರೂ ಅವಳನ್ನು ತಡೆಯಲಿಲ್ಲ. ಚಿಗವ್ವ ಗೋಡೆಗೆ ಒರಗಿ ನಿಂತಿದ್ದಳು, ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು. ಆಯಿ ಬೇಳೆ ತೊಳೆದಳು, ಸೀನೀರು ಹಾಕಿದಳು, ಶಿವಾ ಎಂದಳು, ಇಟ್ಟಳು. ಬತ್ತಿದಾಗ ಹಂಡೆಯಿಂದ ತಂಬಿಗೆ ತುಂಬ ತೆಗೆದು ಸುರಿದಳು. ಅವ್ವ ಅಷ್ಟರಲ್ಲಿ ರೊಟ್ಟಿ ಮುಗಿಸಿದಳು. ಪಲ್ಯ ಆಯಿತು. ಎಲ್ಲರಿಗೂ ಹಸಿವು. ಆಯಿ ಕಟಗಿ ಸರಿಸುತ್ತಲೇ ಇದ್ದಳು, ಮುಖಕ್ಕೆ ಬೆಂಕಿಯ ಕಾವು ಹೊಡೆದು ಕೆಂಪಾಗಿತ್ತು. ಕೊನೆಗೆ ಮುಚ್ಚಳ ತೆಗೆದು, ಒಂದು ಕಾಳು ತೆಗೆದು ಹೆಬ್ಬೆರಳಿನಲ್ಲಿ ಒತ್ತಿದಳು. ಅದು ಚಿಮ್ಮಿ ಬೂದಿಯಲ್ಲಿ ಬಿತ್ತು. ಇನ್ನೊಂದು ತೆಗೆದು ಒತ್ತಿದಳು.

ನಗುವಂತಿರಲಿಲ್ಲ. ಎಪ್ಪತ್ತು ದಾಟಿದ ಕೈ ಅದು. ಊರಿನ ಎಷ್ಟೋ ಮದುವೆಗಳ ಹೂರಣಕ್ಕೆ ಅದನ್ನೇ ಕರೆಯುತ್ತಿದ್ದರು. ಆಯಿ ಆ ಕೈಯನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಆ ಬೇಳೆಯನ್ನೇ ತನ್ನ ತಾಟಿಗೆ ಹಾಕಿಸಿಕೊಂಡು, ಒಂದು ಕಾಳನ್ನೂ ಅಂಚಿಗೆ ಸರಿಸದೆ, ಅಗಿದು ಅಗಿದು ಉಂಡಳು. ಸಂಜೆ ಹಂಡೆ ತುಂಬಿಸಿದ ಮೇಲೆ ಅದರ ಪಕ್ಕಕ್ಕೆ ಒಂದು ಸಣ್ಣ ಹಿತ್ತಾಳೆಯ ಚೆಂಬನ್ನು ತಂದು, ಕಟ್ಟೆಯ ಮೇಲಿನ ಸೀನೀರು ತುಂಬಿ, ಒಲೆಯ ಕಾವು ತಾಗುವಂತೆ ಇಟ್ಟಳು. ಮರುದಿನ ಬೆಳಗ್ಗೆ ಬೇಳೆಯ ಬೋಗುಣಿ ಒಲೆಯ ಹತ್ತಿರ, ಚಿಗವ್ವ ಕೂರುವ ಮಣೆಯ ಎದುರಿಗಿತ್ತು.

ನಾನು ಪ್ರಬಂಧ ಬರೆದೆ. ಹಸಿರು ಗೆರೆ ಎಳೆಯಲಿಲ್ಲ. ನಾನು ಬೇಯಿಸಿದೆ, ನಾನು ಹಂಡೆಯ ನೀರು ಹಾಕಿದೆ, ನನ್ನ ಬೇಳೆ ಬೇಯಲಿಲ್ಲ ಎಂದು ಬರೆದೆ. ಸೋಮವಾರದ ಸಾಲನ್ನು ನಂಬಿ ಗುರುವಾರವನ್ನು ಬಿಟ್ಟದ್ದನ್ನೂ ಬರೆದೆ. ಸವಳುನೀರಿನಲ್ಲಿ ಏನಿರುತ್ತದೆ, ಅದು ಬೇಳೆಯನ್ನು ಯಾಕೆ ಗಟ್ಟಿ ಮಾಡುತ್ತದೆ ಎಂಬುದನ್ನು ಟೀಚರ್ ಕೊಟ್ಟ ಪುಸ್ತಕ ನೋಡಿ ಕೊನೆಗೆ ಸೇರಿಸಿದೆ. ಚಿಗವ್ವನ ಹೆಸರಿರಲಿಲ್ಲ. ಆಯಿಯ ಹೆಸರೂ ಇರಲಿಲ್ಲ; ಅವಳ ಬೋಗುಣಿಯನ್ನು ನಾನೇ ಬೇಕೆಂದು ಬಿಟ್ಟಿದ್ದೆ. ಶಾಲೆಗೆ ಕೊಡುವ ಹಿಂದಿನ ಸಂಜೆ ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಓದಿ ತೋರಿಸಿದೆ. ಆಯಿ ಅಕ್ಷರ ಬಲ್ಲವಳಲ್ಲ, ಆದರೆ ಕಿವಿ ಚುರುಕು. ನಾನು ಓದಿ ಮುಗಿಸಿದ ಮೇಲೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು.

"ಎರಡ ಬೋಗಣಿ ಬಂದ್ವು. ಮೂರನೇದ ಎಲ್ಲೈತಿ?"

ನಾನು ಹಾಳೆಗಳನ್ನು ಮಡಚಿದೆ.

"ಯಾಕಬೇ, ನಾ ಅಷ್ಟೊತ್ತ ಒಲಿ ಮುಂದ ಕುಂತದ್ದು ಸುಳ್ಳೇನು?"

"ನಿನಗ ಬ್ಯಾಸರ ಆಕ್ಕೈತಂತ…"

"ಆಗತೈತಿ. ಆದ್ರೇನಾತು?" ಅಡಕತ್ತರಿಯನ್ನು ಕೆಳಗಿಟ್ಟಳು. "ಹುಡುಗಿ ಕೈಯಾಗ ಬೇಯಲಿಲ್ಲ ಅಂದ್ರ ಯಾರ ನಂಬ್ತಾರ? ಹುಡುಗಿಗೆ ಅಡಗಿ ಬರೂದಿಲ್ಲ ಅಂತಾರ. ನನ್ನ ಕೈಯಾಗೂ ಬೇಯಲಿಲ್ಲ ಅಂತ ಬರಿ. ಹೆಸರ ಹಾಕು. ಗೌರವ್ವ. ಊರಾಗ ಕೇಳ್ಲಿ ಬೇಕಾದ್ರ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಒಳಗಿನಿಂದಲೇ, ಮುಖ ತೋರಿಸದೆ, ಚಿಗವ್ವನ ಧ್ವನಿ ಬಂತು.

"ಹಂಗಾರ ಎಲ್ಲಾಕಿಂತ ಮೊದಲಿನ ಬೋಗಣಿ ನಂದಂತನೂ ಬರಿ, ನೀಲಾ."

ಆಯಿ ಅತ್ತ ತಿರುಗಲಿಲ್ಲ. "ಬರಿ, ಬರಿ. ಅಕಿ ಹೇಳಿದ್ದ ಬರಿ" ಎಂದು ಅಡಿಕೆ ಕತ್ತರಿಸತೊಡಗಿದಳು.

ಪಂಚಮಿಯ ಹಿಂದಿನ ದಿನ ಅಣ್ಣ ಗಾಡಿ ತಂದ. ಚಿಗವ್ವನ ಟ್ರಂಕು ನಡುಮನೆಯಲ್ಲಿ ಹಾಗೆಯೇ ತುಂಬಿಕೊಂಡು ಇತ್ತು. ಬಿಚ್ಚು ಎಂದು ಯಾರೂ ಹೇಳಿರಲಿಲ್ಲ, ಬಿಚ್ಚಲು ಅವಳಿಗೂ ಧೈರ್ಯವಾಗಿರಲಿಲ್ಲ. ಅಣ್ಣ ಅದರ ಹಿಡಿಕೆಗೆ ಕೈ ಹಾಕಿದಾಗ ಆಯಿ ಒಳಗಿನಿಂದ ಬಂದಳು.

"ಟ್ರಂಕ್ ಯಾಕೋ ತಮ್ಮಾ? ಮನಿ ಬಿಟ್ಟ ಹೊಂಟಾಳೇನ? ಎರಡ ಸೀರಿ ಚೀಲಕ್ಕ ಹಾಕ್ಕೊಳ್ಳಿ, ಸಾಕು."

ಚಿಗವ್ವ ನೆಲಕ್ಕೆ ಕೂತು, ಟ್ರಂಕಿನ ಚಿಲಕ ತೆಗೆದು, ಎರಡು ಸೀರೆ ಆರಿಸಿ ಚೀಲಕ್ಕೆ ಹಾಕಿಕೊಂಡಳು. ಎದ್ದು ಆಯಿಯ ಕಾಲು ಮುಟ್ಟಿದಳು.

"ಸೋಮಾರ ಬರ್ತೇನ್ರಿ ಅತ್ತಿ."

"ಸೋಮಾರನ ಯಾಕ?" ಎಂದಳು ಆಯಿ, ನನ್ನ ಕ್ಯಾಲೆಂಡರಿನ ಕಡೆ ಒಮ್ಮೆ ನೋಡಿ. "ಯಾವ ವಾರಾದ್ರೇನು. ಬಾ."